ವಿದ್ಯಾರ್ಥಿಗಳ ಸ್ಥಾನಾಂತರವೂ ವಿಶ್ವವಿದ್ಯಾನಿಲಯಗಳ ವಿಳಂಬವೂ

ಸರಕಾರಿ ನೌಕರನೊಬ್ಬನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗಾಯಿಸುವುದಕ್ಕೆ ಒಂದು ಹಾಳೆಯ ಹುಕುಮು ಸಾಕು. ಆತನು ಕೆಲವೇ ದಿವಸಗಳಲ್ಲಿ ಹೊಸ ಕಚೇರಿಗೆ ಹಾಜರಾಗುವನು. ಆತನ ಹಿಂದಿನ ಸೇವೆಯಲ್ಲಿ ಒಂದು ದಿನವೂ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಆದರೆ ಅದೇ ನೌಕರನ ಮಗಳು ಪದವಿ ತರಗತಿಯಲ್ಲಿ ಎರಡು ವರ್ಷ ಓದಿದ್ದು, ತಂದೆಯೊಡನೆ ಮತ್ತೊಂದು ವಿಶ್ವವಿದ್ಯಾನಿಲಯದ ಸೀಮೆಗೆ ಹೋಗಬೇಕಾಗಿ ಬಂದರೆ, ಆ ಎರಡು ವರ್ಷಗಳಲ್ಲಿ ತನಗೆ ಉಳಿಯುವುದೆಷ್ಟು, ಕಳೆದುಹೋಗುವುದೆಷ್ಟು ಎಂಬುದನ್ನು ಹೊಸ ಕಾಲೇಜಿನಲ್ಲಿ ಶುಲ್ಕ ತೆತ್ತು ಕುಳಿತ ಮೇಲೆಯೂ ಅನೇಕ ವೇಳೆ ಅರಿಯಳು. ಇದನ್ನು ಮಳೆಗಾಲದ ಕೆಸರಿನಂತೆ ಸಹಜವಾದುದೆಂದು ಭಾವಿಸಿ ಸುಮ್ಮನಿರುವುದು ನಮ್ಮವರಿಗೆ ರೂಢಿಯಾಗಿಬಿಟ್ಟಿದೆ. ನಾವು ಹಾಗೆ ಭಾವಿಸಲಾರೆವು.

ಈ ಕಾರ್ಯವು ಸಾಮಾನ್ಯವಾಗಿ ನಡೆಯುವ ಬಗೆಯನ್ನು ನೋಡಬೇಕು. ಸೇರಬೇಕೆಂದಿರುವ ಕಾಲೇಜಿನವರು ಜಾಗವಿದೆಯೆಂದು ಒಪ್ಪಬೇಕು. ಬಿಡುವ ಕಾಲೇಜಿನವರು ಆಕ್ಷೇಪಣೆಯಿಲ್ಲವೆಂದು ಬರೆದುಕೊಡಬೇಕು. ಹಳೆಯ ವಿಶ್ವವಿದ್ಯಾನಿಲಯವು ವಲಸೆ ಪ್ರಮಾಣಪತ್ರವನ್ನು ದಯಪಾಲಿಸಬೇಕು. ಹೊಸ ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿಯವರು ಎರಡೂ ಪಠ್ಯಕ್ರಮಗಳನ್ನು ಎದುರುಬದುರಾಗಿ ಇಟ್ಟುಕೊಂಡು ಯಾವ ಪತ್ರಿಕೆ ಯಾವುದಕ್ಕೆ ತತ್ಸಮಾನವೆಂದು ನಿರ್ಣಯಿಸಬೇಕು. ಇವುಗಳಲ್ಲಿ ಕೊನೆಯದೊಂದೇ ವಿದ್ವಾಂಸರು ಮಾಡಬೇಕಾದ ಕೆಲಸ, ಉಳಿದುದೆಲ್ಲ ಗುಮಾಸ್ತರದು. ಆದರೆ ಒಂದು ಇನ್ನೊಂದನ್ನು ಕಾದು ಕುಳಿತಿರುವುದು. ಹಿಂದಿನ ಸೆಮಿಸ್ಟರಿನ ಫಲ ಪ್ರಕಟವಾಗದೆ ಅಂಕಪಟ್ಟಿಯಿಲ್ಲ. ಅಂಕಪಟ್ಟಿಯಿಲ್ಲದೆ ತತ್ಸಮಾನತೆಯ ಪರಿಶೀಲನೆಯಿಲ್ಲ. ಪರಿಶೀಲನೆ ಮುಗಿಯುವಷ್ಟರಲ್ಲಿ ಪ್ರವೇಶದ ಕಡೆಯ ದಿನ ದಾಟಿರುವುದು. ದಾಟಿದ ದಿನಕ್ಕಾಗಿ ದಂಡ ತೆರುವವರು ಫಲವನ್ನು ತಡಮಾಡಿದವರಲ್ಲ, ಪರಿಶೀಲನೆಯನ್ನು ತಡಮಾಡಿದವರೂ ಅಲ್ಲ. ಕಾದಿದ್ದ ವಿದ್ಯಾರ್ಥಿಯೇ ತೆರಬೇಕು.

ಕನ್ನಡಿಗರಿಗೆ ಈ ತೊಡಕು ಹೊಸದಲ್ಲ. ೧೯೧೬ರವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಆ ವರ್ಷದ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಅವು ಮನೆಯ ಕಾಲೇಜುಗಳಾದವು. ಆದರೆ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ವಿಶ್ವವಿದ್ಯಾನಿಲಯದ ಸೀಮೆಯಲ್ಲಿಯೂ, ಮಂಗಳೂರು, ಬಳ್ಳಾರಿಗಳು ಮದರಾಸಿನ ಸೀಮೆಯಲ್ಲಿಯೂ ಉಳಿದವು. ಕಲಬುರ್ಗಿ, ರಾಯಚೂರು, ಬೀದರಗಳ ವಿದ್ಯಾರ್ಥಿಗಳ ಪಾಲಿಗೆ ೧೯೧೮ರಲ್ಲಿ ಹುಟ್ಟಿ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಬಂದಿತು. ಒಂದೇ ನುಡಿಯ ಜನ ನಾಲ್ಕು ವಿಶ್ವವಿದ್ಯಾನಿಲಯಗಳ ಬೇಲಿಗಳೊಳಗೆ ಹಂಚಿಹೋಗಿದ್ದರು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಏರ್ಪಟ್ಟಿತು. ೧೯೫೬ರಲ್ಲಿ ನಾಡು ಒಂದಾಯಿತು. ಬೇಲಿಗಳು ಮಾತ್ರ ಒಂದಾಗಲಿಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯ ೧೯೬೪ರಲ್ಲಿ, ಮಂಗಳೂರು ಮತ್ತು ಗುಲಬರ್ಗಾ ವಿಶ್ವವಿದ್ಯಾನಿಲಯಗಳು ೧೯೮೦ರಲ್ಲಿ ಬಂದವು; ಆಮೇಲೆ ಇನ್ನೂ ಹಲವು. ಬೆಂಗಳೂರು ವಿಶ್ವವಿದ್ಯಾನಿಲಯವೇ ೨೦೧೭ರಲ್ಲಿ ಮೂರಾಗಿ ಒಡೆಯಿತು. ಹೀಗಾಗಿ ಒಂದೇ ನಗರದೊಳಗೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಿಸಿದವನೂ ವಿಶ್ವವಿದ್ಯಾನಿಲಯವನ್ನೇ ಬದಲಿಸಬೇಕಾಗಿ ಬರಬಹುದು. ವಿದ್ಯೆ ಹತ್ತಿರ ಬಂದುದಕ್ಕೆ ನಾವು ಸಂತೋಷಪಡುತ್ತೇವೆ. ಗಡಿಗಳು ಹೆಚ್ಚಿದಷ್ಟೂ ಗಡಿ ದಾಟುವ ನಿಯಮಗಳು ಸುಲಭವಾಗಬೇಕಾಗಿದ್ದಿತು ಎಂಬುದಷ್ಟೇ ನಮ್ಮ ವಾದ.

ಇದನ್ನು ಹಿಂದಿನವರು ಕಾಣದೆ ಇರಲಿಲ್ಲ. ೧೯೨೪ರಲ್ಲಿ ಸಿಮ್ಲೆಯಲ್ಲಿ ಕುಲಪತಿಗಳ ಸಮ್ಮೇಳನವು ನಡೆದು, ಮರುವರ್ಷ ಅಂತರ್ವಿಶ್ವವಿದ್ಯಾನಿಲಯ ಮಂಡಳಿಯು ಸ್ಥಾಪಿತವಾಯಿತು. ಒಂದು ವಿಶ್ವವಿದ್ಯಾನಿಲಯದ ಪದವಿಯನ್ನು ಇನ್ನೊಂದು ಮನ್ನಿಸುವಂತೆ ಮಾಡುವುದು ಅದರ ಉದ್ದೇಶಗಳಲ್ಲೊಂದು. ಈಗ ಅದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಕರೆಯಿಸಿಕೊಳ್ಳುತ್ತಿದೆ. ಅದರಿಂದ ಬಹಳ ಉಪಕಾರವಾಗಿದೆ. ಮೈಸೂರಿನ ಪದವೀಧರನು ಎಂ.ಎ. ಓದಲು ಕಾಶಿಗೆ ಹೋಗುವುದು ಇಂದು ದೊಡ್ಡ ಮಾತಲ್ಲ. ಆದರೆ ಆ ಉಪಕಾರವೆಲ್ಲ ಪೂರ್ತಿಯಾದ ಪದವಿಗೆ. ಅರ್ಧ ದಾರಿಯಲ್ಲಿರುವವನಿಗೆ ಎರಡು ಮನೆಗಳ ನಡುವೆ ಜಗಲಿಯೇ ಗತಿ.

ಇಲ್ಲಿ ಒಂದು ಮಾತು ನೆನಪಿಗೆ ಬರುತ್ತದೆ. ಅಸಹಕಾರದ ದಿನಗಳಲ್ಲಿ ಸರಕಾರಿ ಕಾಲೇಜುಗಳನ್ನು ಬಿಟ್ಟು, ೧೯೨೦ರ ಗುಜರಾತ ವಿದ್ಯಾಪೀಠಕ್ಕೂ ೧೯೨೧ರ ಕಾಶೀ ವಿದ್ಯಾಪೀಠಕ್ಕೂ ಹೋದ ತರುಣರು ತಮ್ಮ ವರ್ಷಗಳು ಸರಕಾರದ ಲೆಕ್ಕದಲ್ಲಿ ಸೊನ್ನೆಯಾಗುವುವೆಂಬುದನ್ನು ತಿಳಿದೇ ಹೋದರು. ಅದು ತ್ಯಾಗ. ಇಂದಿನ ವಿದ್ಯಾರ್ಥಿಯನ್ನು ಯಾರೂ ತ್ಯಾಗ ಕೇಳಿಲ್ಲ. ಅವನ ವರ್ಷವು ಅವನಿಗೆ ತಿಳಿಸದೆಯೇ ಕಳೆದುಹೋಗುತ್ತಿದೆ.

ಈಚೆಗೆ ಬಂದ ಕ್ರೆಡಿಟ್ ಪದ್ಧತಿಯಿಂದ ಈ ಕಷ್ಟ ತೀರುವುದೆಂದು ಹಲವರು ನಂಬಿದ್ದಾರೆ. ವಾರಕ್ಕೆ ಒಂದು ಗಂಟೆಯ ಉಪನ್ಯಾಸ, ಇಲ್ಲವೆ ಎರಡು ಗಂಟೆಯ ಪ್ರಯೋಗ, ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್ ಎಂಬುದು ಸ್ಥೂಲವಾದ ಲೆಕ್ಕ. ೨೦೨೧ರ ಜುಲೈ ತಿಂಗಳಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದನ್ನು ನಿಯಮಪೂರ್ವಕವಾಗಿ ಏರ್ಪಡಿಸಿತು. ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್ಟುಗಳು ಆತನ ಹೆಸರಿನ ಖಾತೆಯಲ್ಲಿ ಜಮೆಯಾಗಿ, ಹೆಚ್ಚೆಂದರೆ ಏಳು ವರ್ಷ ಉಳಿಯುವುವು. ಒಂದು ಸಂಸ್ಥೆಯಲ್ಲಿ ಗಳಿಸಿದುದನ್ನು ಇನ್ನೊಂದರ ಪದವಿಗೆ ಸಲ್ಲಿಸಬಹುದು. ಉದ್ದೇಶವು ಒಳ್ಳೆಯದು. ಆದರೆ ಹೆಸರು ಸ್ವಲ್ಪ ಮೋಸಗೊಳಿಸುವಂತಹದು. ನಿಜವಾದ ಬ್ಯಾಂಕಿನಲ್ಲಿ ಇಟ್ಟ ರೂಪಾಯಿಯನ್ನು ಯಾವ ಅಂಗಡಿಯವನೂ ಬೇಡವೆನ್ನಲಾರನು. ಇಲ್ಲಿ ಖಾತೆಯಲ್ಲಿರುವ ಕ್ರೆಡಿಟ್ಟನ್ನು ಸ್ವೀಕರಿಸುವುದೋ ಬಿಡುವುದೋ ಎಂಬ ನಿರ್ಣಯವು ಪದವಿ ಕೊಡುವ ಸಂಸ್ಥೆಗೇ ಸೇರಿದ್ದು. ಅಲ್ಲದೆ ಹಳೆಯ ವಿಶ್ವವಿದ್ಯಾನಿಲಯವು ಜಮೆ ಮಾಡುವವರೆಗೆ ಖಾತೆಯು ಬರಿದಾಗಿಯೇ ಇರುವುದು.

ಇನ್ನೊಂದು ಅಂಶವು ತಂದೆತಾಯಿಗಳಿಗೆ ಬಹುಮಟ್ಟಿಗೆ ತಿಳಿಯದು. ಪದವಿಗೆ ಬೇಕಾದ ಕ್ರೆಡಿಟ್ಟುಗಳಲ್ಲಿ ಕಡೆಯಪಕ್ಷ ಅರ್ಧವನ್ನು ಪದವಿ ಕೊಡುವ ಸಂಸ್ಥೆಯಲ್ಲಿಯೇ ಗಳಿಸಿರಬೇಕೆಂದು ೨೦೨೧ರ ಆ ನಿಯಮವು ವಿಧಿಸಿತು. ಮೂರು ವರ್ಷದ ಪದವಿಗೆ ೧೨೦ ಕ್ರೆಡಿಟ್, ವರ್ಷಕ್ಕೆ ೪೦ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿರಿ. ಎರಡು ವರ್ಷ ಮುಗಿಸಿ ೮೦ ಗಳಿಸಿದವಳು ಮೂರನೆಯ ವರ್ಷಕ್ಕೆ ಬೇರೆಡೆ ಹೋದರೆ, ಅವಳಿಗೆ ಉಳಿದಿರುವುದು ೪೦. ಹೊಸ ಮನೆಯವರು ಕೇಳುವುದು ೬೦. ಗಳಿಸಿದ ೮೦ರಲ್ಲಿ ೨೦ ವ್ಯರ್ಥ, ಅಂದರೆ ಒಂದು ಸೆಮಿಸ್ಟರಿನ ಶ್ರಮ, ಶುಲ್ಕ ಮತ್ತು ವಯಸ್ಸು. ಇದು ಪಠ್ಯಕ್ರಮದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದಾಗಿನ ಮಾತು. ಒಂದೆರಡು ಪತ್ರಿಕೆಗಳು ತತ್ಸಮಾನವಲ್ಲವೆಂದಾದರೆ ನಷ್ಟವು ಇನ್ನೂ ಬೆಳೆಯುವುದು. ತನ್ನ ಮುದ್ರೆ ಒತ್ತುವ ವಿಶ್ವವಿದ್ಯಾನಿಲಯವು ಅರ್ಧ ಪಾಠವನ್ನಾದರೂ ತಾನೇ ಹೇಳಿರಬೇಕೆನ್ನುವುದು ಅನ್ಯಾಯವೆಂದು ನಾವು ಹೇಳುವುದಿಲ್ಲ. ಆದರೆ ಈ ಲೆಕ್ಕವನ್ನು ಅರ್ಜಿಯ ಮೊದಲ ಪುಟದಲ್ಲಿಯೇ ಅಚ್ಚು ಹಾಕಿಸಲು ಏನು ಅಡ್ಡಿ?

ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿಯು ಇದ್ದಲ್ಲಿಯೇ ಇದ್ದರೂ ಅವನ ಕಾಲ ಕೆಳಗಿನ ನೆಲವೇ ಸರಿದುಹೋದ ಉದಾಹರಣೆಯುಂಟು. ೨೦೨೧ರಲ್ಲಿ ಕರ್ನಾಟಕ ಸರಕಾರವು ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಕ್ರಮವನ್ನು ಇತರ ರಾಜ್ಯಗಳಿಗಿಂತ ಮುಂಚಿತವಾಗಿ ಆಚರಣೆಗೆ ತಂದಿತು. ಒಂದು ವರ್ಷ ಓದಿ ಬಿಟ್ಟವನಿಗೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಬೇಕಾದಾಗ ಮರಳಿ ಬಂದು ಸೇರಬಹುದೆಂಬ ಭರವಸೆ ಆ ಕ್ರಮದಲ್ಲಿದ್ದಿತು. ೨೦೨೪ರ ಮೇ ತಿಂಗಳಲ್ಲಿ, ಕಾಲೇಜುಗಳು ಹೊಸ ಪ್ರವೇಶಕ್ಕೆ ಅಣಿಯಾಗುತ್ತಿದ್ದಾಗ, ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನನುಸರಿಸಿ, ಮೂರು ವರ್ಷದ ಪದವಿಗೆ ಹಿಂದಿರುಗುವ ಆಜ್ಞೆ ಹೊರಟಿತು. ಯಾವ ಕ್ರಮವು ಮೇಲೆಂಬ ಚರ್ಚೆ ಇಲ್ಲಿ ಬೇಡ. ಮೊದಲು ಸೇರಿದ್ದ ಮೂರು ವರ್ಷಗಳ ತಂಡಗಳು ಹಳೆಯ ಕ್ರಮದಲ್ಲಿಯೇ ಮುಂದುವರಿಯಲು ಬಿಟ್ಟದ್ದು ಸರಿಯಾದುದೇ. ಆದರೆ ಮನೆಯ ಬಡತನದಿಂದಲೋ ಕಾಯಿಲೆಯಿಂದಲೋ ನಡುವೆ ಒಂದೆರಡು ವರ್ಷ ಓದು ನಿಲ್ಲಿಸಿದವನು ಮರಳಿ ಬಂದಾಗ ತನ್ನ ಮುಂದಿನ ತರಗತಿಯಲ್ಲಿ ಕಾಣುವುದು ಬೇರೆ ಪಠ್ಯಕ್ರಮವನ್ನು. ಖಾತೆಯಲ್ಲಿರುವ ಅವನ ಕ್ರೆಡಿಟ್ಟುಗಳಿಗೆ ಏಳು ವರ್ಷ ಆಯುಸ್ಸು. ಅವು ಸಲ್ಲಬೇಕಾದ ಕ್ರಮಕ್ಕೆ ಹೊಸ ಪ್ರವೇಶವು ಮೂರೇ ವರ್ಷ ನಡೆಯಿತು.

ತಡವಾದ ನಿರ್ಣಯದಿಂದ ಆಗುವ ಹಾನಿಯ ದೊಡ್ಡ ದೃಷ್ಟಾಂತವನ್ನು ದೇಶವೆಲ್ಲ ಕಂಡದ್ದು ೨೦೨೨ರಲ್ಲಿ. ಫೆಬ್ರವರಿ ೨೪ರಂದು ಯುಕ್ರೇನಿನ ಮೇಲೆ ರಷ್ಯವು ದಂಡೆತ್ತಿತು. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಭಾರತೀಯರು, ಅವರಲ್ಲಿ ಬಹುಭಾಗ ವೈದ್ಯವಿದ್ಯಾರ್ಥಿಗಳು, ಮರಳಿ ಬಂದರು. ನಮ್ಮ ಜಿಲ್ಲೆಗಳ ಮಕ್ಕಳೂ ಅವರಲ್ಲಿದ್ದರು. ತಮ್ಮನ್ನು ಇಲ್ಲಿಯ ವೈದ್ಯಕೀಯ ಕಾಲೇಜುಗಳಿಗೆ ಸೇರಿಸಿಕೊಳ್ಳಬೇಕೆಂದು ಅವರು ಬೇಡಿದರು. ವಿದೇಶದಲ್ಲಿ ಓದುವವರು ಇಡೀ ವ್ಯಾಸಂಗವನ್ನು ಒಂದೇ ಸಂಸ್ಥೆಯಲ್ಲಿ ಮುಗಿಸಬೇಕೆಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೧ರ ನವೆಂಬರಿನಲ್ಲಿಯೇ ಮಾಡಿದ್ದಿತು. ಬೇರೆ ದೇಶದ ಸಂಸ್ಥೆಯಲ್ಲಿ ಓದಿ ಮುಗಿಸಿ ಯುಕ್ರೇನಿನ ಪದವಿಯನ್ನೇ ಪಡೆಯಬಹುದೆಂಬ ಅನುಮತಿ ಹೊರಬಿದ್ದುದು ೨೦೨೨ರ ಸೆಪ್ಟೆಂಬರಿನಲ್ಲಿ. ಇಲ್ಲಿಯ ಕಾಲೇಜುಗಳಲ್ಲಿ ಸ್ಥಳ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿಗೆ ತಿಳಿಸಿದುದೂ ಅದೇ ತಿಂಗಳಲ್ಲಿ. ಅಂತಿಮ ವರ್ಷದವರು ಇಲ್ಲಿಯೇ ಪರೀಕ್ಷೆಗೆ ಕುಳಿತು, ಬಳಿಕ ಎರಡು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಪಡೆಯಬಹುದೆಂಬ ಏರ್ಪಾಡು, ಅದೂ ಒಂದೇ ಬಾರಿಗೆ ಎಂಬ ಷರತ್ತಿನೊಡನೆ, ಬಂದದ್ದು ೨೦೨೩ರ ಮಾರ್ಚಿನಲ್ಲಿ.

ವೈದ್ಯಪದವಿಯ ವಿಷಯದಲ್ಲಿ ಕಟ್ಟುನಿಟ್ಟು ಬೇಕೇ ಬೇಕು. ರೋಗಿಯ ಪ್ರಾಣದ ಮುಂದೆ ವಿದ್ಯಾರ್ಥಿಯ ಅನುಕೂಲವು ದೊಡ್ಡದಲ್ಲ. ಸ್ಥಳ ಕೊಡಲಾಗುವುದಿಲ್ಲವೆಂಬ ಉತ್ತರವನ್ನು ನಾವು ಖಂಡಿಸುತ್ತಿಲ್ಲ. ನಿಯಮವು ಮೊದಲೇ ಇದ್ದ ಮೇಲೆ ಆ ಉತ್ತರವನ್ನು ಮಾರ್ಚಿನಲ್ಲಿಯೇ ಕೊಡಬಹುದಾಗಿದ್ದಿತು. ಆರು ತಿಂಗಳು ಆಶೆಯಲ್ಲಿ ಕುಳಿತವರಿಗೆ ಬೇರೊಂದು ದಾರಿ ಹಿಡಿಯುವ ಸಮಯವೂ ಕೈ ಬಿಟ್ಟಿತು.

ಈ ರೋಗವು ನಮ್ಮದೊಂದೇ ಅಲ್ಲ. ಕ್ರೆಡಿಟ್ ಪದ್ಧತಿಯನ್ನು ಬಹುಕಾಲದಿಂದ ನಡೆಸುತ್ತಿರುವ ಅಮೆರಿಕಾ ದೇಶದಲ್ಲಿಯೂ, ೨೦೦೪ರಿಂದ ೨೦೦೯ರ ಅವಧಿಯಲ್ಲಿ ಕಾಲೇಜು ಬದಲಿಸಿದವರು ಸರಾಸರಿ ಶೇಕಡಾ ೪೩ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಆ ದೇಶದ ಸರಕಾರಿ ಲೆಕ್ಕಪರಿಶೋಧನಾ ಕಚೇರಿಯು ೨೦೧೭ರಲ್ಲಿ ಅಂದಾಜು ಮಾಡಿತು. ಯುರೋಪಿನವರು ಇದಕ್ಕೆ ಮದ್ದು ಹುಡುಕಿದರು. ೧೯೯೭ರಲ್ಲಿ ಲಿಸ್ಬನ್ ನಗರದಲ್ಲಾದ ಒಡಂಬಡಿಕೆಯಂತೆ, ಮಾನ್ಯತೆಯ ನಿರ್ಣಯಕ್ಕೆ ಎಷ್ಟು ಕಾಲ ಹಿಡಿಯುವುದೆಂಬುದನ್ನು ಅಧಿಕಾರಿಗಳು ಮುಂಚಿತವಾಗಿ ಗೊತ್ತುಮಾಡಿರಬೇಕು. ಇಲ್ಲವೆಂದರೆ ಕಾರಣವನ್ನು ತಿಳಿಸಬೇಕು. ಅರ್ಜಿದಾರನ ಓದು ತಮ್ಮದಕ್ಕೆ ಸಮನಲ್ಲವೆಂದು ತೋರಿಸುವ ಹೊಣೆ ಪರಿಶೀಲಿಸುವವರದು, ಸಮವೆಂದು ಸಾಧಿಸುವ ಹೊಣೆ ಅರ್ಜಿದಾರನದಲ್ಲ. ಈ ಕೊನೆಯ ಮಾತನ್ನು ನಮ್ಮ ಕುಲಸಚಿವರು ಎರಡು ಸಲ ಓದಬೇಕೆಂದು ಪ್ರಾರ್ಥಿಸುತ್ತೇವೆ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ಸರಿಯಾಗಿ ತಿರುಗುಮುರುಗು. ಹಳೆಯ ವಿಶ್ವವಿದ್ಯಾನಿಲಯದ ಪಠ್ಯಕ್ರಮದ ದೃಢೀಕೃತ ಪ್ರತಿಗಾಗಿ ಹುಡುಗನು ಬಸ್ಸು ಹತ್ತಿ ಹೋಗಿ ಬರಬೇಕು. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಪತ್ರ ಬರೆದು ತರಿಸಿಕೊಳ್ಳಬಾರದೇಕೆ?

ಅಲ್ಲಿಯವರೆಗೆ ಪೋಷಕರು ತಮ್ಮ ಎಚ್ಚರಿಕೆಯಲ್ಲಿ ತಾವಿರುವುದು ಲೇಸು. ಪ್ರತಿ ಸೆಮಿಸ್ಟರಿನ ಪಠ್ಯಕ್ರಮಕ್ಕೆ ಆಗಿಂದಾಗಲೇ ಕಾಲೇಜಿನ ಮುದ್ರೆ ಹಾಕಿಸಿಟ್ಟುಕೊಳ್ಳಲಿ. ಕ್ರೆಡಿಟ್ ಖಾತೆಯಲ್ಲಿ ಜಮೆಯಾಗಿದೆಯೇ ಎಂದು ಫಲ ಬಂದೊಡನೆ ನೋಡಲಿ. ಎಷ್ಟು ಕ್ರೆಡಿಟ್ ಸಲ್ಲುವುದೆಂಬುದು ಬರಹದಲ್ಲಿ ಕೈಗೆ ಬರುವ ತನಕ ಹಳೆಯ ಕಾಲೇಜಿನ ಹೆಸರನ್ನು ತೆಗೆಯಿಸದಿರಲಿ. ಬಾಯಿಮಾತಿನ ಆಶ್ವಾಸನೆಯನ್ನು ನಂಬಿ ಒಂದು ವರ್ಷ ಕಳೆದುಕೊಂಡವರು ನಮ್ಮ ಕಚೇರಿಗೆ ಬಂದು ಅಳಲು ತೋಡಿಕೊಂಡದ್ದುಂಟು. ಆಗ ಯಾರೂ ಮಾಡಬಹುದಾದುದು ಬಹಳ ಕಡಿಮೆ.

ಸರಕಾರದವರನ್ನು ನಾವು ಹೊಸ ಆಯೋಗವನ್ನಾಗಲಿ ಹೊಸ ಹಣವನ್ನಾಗಲಿ ಕೇಳುತ್ತಿಲ್ಲ. ರಾಜ್ಯದ ವಿಶ್ವವಿದ್ಯಾನಿಲಯಗಳ ಅಧ್ಯಯನ ಮಂಡಳಿಗಳು ಒಂದೆಡೆ ಕುಳಿತು, ಹೆಚ್ಚು ಮಂದಿ ಓದುವ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪತ್ರಿಕೆಗಳ ತತ್ಸಮಾನತೆಯ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿ ಪ್ರಕಟಿಸಿದರೆ, ಅರ್ಜಿಗಳಲ್ಲಿ ಬಹುಪಾಲು ಗುಮಾಸ್ತನ ಮೇಜಿನಲ್ಲಿಯೇ ಇತ್ಯರ್ಥವಾಗುವುವು. ಪಟ್ಟಿಗೆ ಸೇರದುವನ್ನು ಮಾತ್ರ ಮಂಡಳಿಯ ಮುಂದಿಟ್ಟು, ಮೂವತ್ತು ದಿನಗಳೊಳಗೆ ಕಾರಣಸಹಿತವಾದ ಉತ್ತರವನ್ನು ಕೊಡಲಿ. ಆ ಅವಧಿ ಮೀರಿದರೆ ವಿದ್ಯಾರ್ಥಿಯಿಂದ ತಡದ ದಂಡವನ್ನು ವಸೂಲು ಮಾಡದಿರಲಿ. ನೌಕರರ ವರ್ಗಾವಣೆಯ ಪಟ್ಟಿಗಳು ಬೇಸಿಗೆಯಲ್ಲಿ ಹೊರಡುವುವು. ಮುಂದಿನ ವರ್ಷದ ಕಾಲಪಟ್ಟಿಯನ್ನು ಅಚ್ಚಿಗೆ ಕೊಡುವ ಮುಂಚೆ ಅದರಲ್ಲಿ ಈ ಅರ್ಜಿಗಳ ನಿರ್ಣಯದ ದಿನಾಂಕವೂ ಸೇರಿರಬೇಕು.