ಬಿಸಾಡಲೆಂದೇ ಬರೆಯುವ ಪ್ರೋಗ್ರಾಮ್

ಶಾಲೆಯ ಹಾಜರಿ ಪಟ್ಟಿ ತಯಾರಿಸುವ ತಂತ್ರಾಂಶವೊಂದನ್ನು ನೀವೇ ಬರೆಯಬೇಕಾಗಿದೆ ಎಂದುಕೊಳ್ಳಿ. ಹೆಸರುಗಳು ಕನ್ನಡದಲ್ಲಿ, ಅಕಾರಾದಿಯಾಗಿ ಇರಬೇಕು. ಪೈಥಾನ್ ಭಾಷೆ ನಿಮಗೆ ಹೊಸದು. ಪುಸ್ತಕವನ್ನು ಪೂರ್ತಿ ಓದಿ ಆರಂಭಿಸಬೇಕೆ? ನೇರವಾಗಿ ತಂತ್ರಾಂಶಕ್ಕೇ ಕೈಹಾಕಬೇಕೆ? ಮೂರನೆಯ ದಾರಿಯೂ ಒಂದಿದೆ. ಬಿಸಾಡಲೆಂದೇ ಒಂದು ಪುಟ್ಟ ಪ್ರೋಗ್ರಾಮ್ ಬರೆದು ನೋಡುವುದು. ಗಣಿತದ ಉತ್ತರ ಪತ್ರಿಕೆಯ ಅಂಚಿನಲ್ಲಿ ಮಾಡುವ ಕಚ್ಚಾ ಲೆಕ್ಕದಂತೆ ಇದು.

ಒಂದು ಪ್ರಯೋಗ ಮಾಡಿ. ಪೈಥಾನ್ 3ರಲ್ಲಿ ಪದದ ಉದ್ದ ತಿಳಿಸುವ 'ಲೆನ್' ಎಂಬ ಆದೇಶಕ್ಕೆ 'ಕನ್ನಡ' ಎಂಬ ಪದವನ್ನು ಕೊಡಿ. ನಮ್ಮ ಎಣಿಕೆಗೆ ಅದರಲ್ಲಿ 3 ಅಕ್ಷರಗಳಿವೆ. ಉತ್ತರ ಬರುವುದು 5! ಯೂನಿಕೋಡ್ ಸಂಕೇತದಲ್ಲಿ ಒತ್ತಕ್ಷರವಾದ 'ನ್ನ' ಒಂದೇ ಘಟಕವಲ್ಲ. ನ, ವಿರಾಮ ಚಿಹ್ನೆ, ನ ಎಂಬ ಮೂರು ಘಟಕಗಳು.

ಈಗ 'ಸರಸ್ವತಿ', 'ಸರಳಾ' ಎಂಬ ಎರಡು ಹೆಸರುಗಳನ್ನು 'ಸಾರ್ಟೆಡ್' ಆದೇಶದಿಂದ ಜೋಡಿಸಿ. ವರ್ಣಮಾಲೆಯಲ್ಲಿ 'ಳ' ಕೊನೆಯ ಅಕ್ಷರವಾದ್ದರಿಂದ ಸರಸ್ವತಿ ಮೊದಲು ಬರಬೇಕು. ಆದರೆ ಸರಳಾ ಮೊದಲು ಬರುತ್ತದೆ. ಯೂನಿಕೋಡ್ ಕೋಷ್ಟಕದಲ್ಲಿ 'ಳ' ಇರುವುದು 'ಲ' ಮತ್ತು 'ವ'ಗಳ ನಡುವೆ. ಪೈಥಾನ್ ಆ ಸಂಖ್ಯೆಗಳನ್ನಷ್ಟೇ ಹೋಲಿಸುತ್ತದೆ. ನಮ್ಮ ಅಕಾರಾದಿ ಕ್ರಮವನ್ನು ನಾವೇ ಅದಕ್ಕೆ ಹೇಳಿಕೊಡಬೇಕು.

ಎರಡೇ ಸಾಲುಗಳ ಪ್ರೋಗ್ರಾಮ್ ಕಲಿಸಿದ ಪಾಠವಿದು. ಇಡೀ ತಂತ್ರಾಂಶ ಸಿದ್ಧವಾಗಿ, ನೂರಾರು ಹೆಸರುಗಳನ್ನು ತುಂಬಿದ ಮೇಲೆ ಇದು ತಿಳಿದಿದ್ದರೆ? ಮುದ್ರಿಸಿದ ಪಟ್ಟಿಗಳೂ ಕ್ರಮಸಂಖ್ಯೆಗಳೂ ಬದಲಾಗಬೇಕಾಗುತ್ತಿತ್ತು.

ಐಬಿಎಂ ಸಂಸ್ಥೆಯ ಓಎಸ್/360 ತಂತ್ರಾಂಶದ ನಿರ್ಮಾಣವನ್ನು ನಿರ್ವಹಿಸಿದ ಫ್ರೆಡ್ ಬ್ರೂಕ್ಸ್, 1975ರ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ, ಮೊದಲ ರಚನೆಯನ್ನು ಹೇಗೂ ಬಿಸಾಡಬೇಕಾಗುತ್ತದೆ, ಅದಕ್ಕೆ ಸಿದ್ಧರಾಗಿರಿ ಎಂದು ಸಲಹೆ ಕೊಟ್ಟರು. 1995ರ ಆವೃತ್ತಿಯಲ್ಲಿ ಅವರೇ ಇದನ್ನು ತಿದ್ದಿಕೊಂಡರು. ಇಡೀ ವ್ಯವಸ್ಥೆಯನ್ನು ಕಟ್ಟಿ ಬಿಸಾಡುವುದಕ್ಕಿಂತ ಹಂತಹಂತವಾಗಿ ಬೆಳೆಸುವುದು ಮೇಲು ಎಂದರು. ಹಾಗಾದರೆ ಬಿಸಾಡಬೇಕಾದದ್ದು ಯಾವುದು? ಒಂದೇ ಸಂದೇಹವನ್ನು ಬಗೆಹರಿಸುವ ಚಿಕ್ಕ ತುಣುಕು. 'ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್' ಪದ್ಧತಿಯವರು ಇಂಥದ್ದನ್ನು 'ಸ್ಪೈಕ್' ಎಂದು ಕರೆದರು.

ಇದಕ್ಕೆ ಮೂರು ನಿಯಮಗಳನ್ನು ಇಟ್ಟುಕೊಳ್ಳಿ.

ಒಂದು, ಪ್ರಶ್ನೆಯನ್ನು ಮೊದಲೇ ಕಾಗದದ ಮೇಲೆ ಬರೆಯಿರಿ. 'ಪೈಥಾನ್ ಕಲಿಯಬೇಕು' ಎಂಬುದು ಪ್ರಶ್ನೆಯಲ್ಲ. 'ಕನ್ನಡ ಹೆಸರುಗಳು ಸರಿಯಾಗಿ ಜೋಡಣೆಯಾಗುತ್ತವೆಯೇ?' ಎಂಬುದು ಪ್ರಶ್ನೆ.

ಎರಡು, ಸಮಯದ ಮಿತಿ ಹಾಕಿಕೊಳ್ಳಿ. ಒಂದೆರಡು ಗಂಟೆಗಳಲ್ಲಿ ಉತ್ತರ ಸಿಗದಿದ್ದರೆ ಪ್ರಶ್ನೆಯನ್ನು ಇನ್ನೂ ಚಿಕ್ಕದು ಮಾಡಿ.

ಮೂರು, ಉತ್ತರವನ್ನು ಬರೆದಿಟ್ಟುಕೊಂಡು ಪ್ರೋಗ್ರಾಮನ್ನು ಅಳಿಸಿ.

ಮೂರನೆಯದನ್ನು ಪಾಲಿಸುವುದೇ ಕಷ್ಟ. 'ಹೇಗೂ ಕೆಲಸ ಮಾಡುತ್ತಿದೆ, ಇದನ್ನೇ ಬೆಳೆಸೋಣ' ಎನ್ನಿಸುವುದು ಸಹಜ. ಆದರೆ ಕಲಿಯಲು ಬರೆದ ತುಣುಕಿನಲ್ಲಿ ತಪ್ಪು ಮಾಹಿತಿಯನ್ನು ತಡೆಯುವ ವ್ಯವಸ್ಥೆ ಇರುವುದಿಲ್ಲ; ಕಡತ ಅರ್ಧಕ್ಕೆ ನಿಂತರೆ ಏನಾಗಬೇಕೆಂಬ ಯೋಚನೆಯೂ ಇರುವುದಿಲ್ಲ. ಅದರ ಮೇಲೆ ಮಕ್ಕಳ ಅಂಕಪಟ್ಟಿಯನ್ನು ನಿಲ್ಲಿಸುವುದು ಅಪಾಯಕರ. ಎರಡನೆಯ ಸಲ ಬರೆಯುವಾಗ ದಾರಿ ತಿಳಿದಿರುವುದರಿಂದ ಕೆಲಸ ಬೇಗ ಮುಗಿಯುತ್ತದೆ, ರಚನೆಯೂ ಅಚ್ಚುಕಟ್ಟಾಗಿರುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲೂ ಮಾಡಿಸಬಹುದು. ವಿದ್ಯಾರ್ಥಿಗಳು ಒಂದೊಂದು ಪ್ರಶ್ನೆ ಬರೆದು, ಮೊದಲು ಉತ್ತರವನ್ನು ಊಹಿಸಲಿ. ಬಳಿಕ ಹತ್ತು ಸಾಲು ಮೀರದ ಪ್ರೋಗ್ರಾಮಿನಿಂದ ಪರೀಕ್ಷಿಸಲಿ. ಊಹೆ ತಪ್ಪಾದ ಕಡೆ ಕಲಿಕೆ ಹೆಚ್ಚು. ಅಂಕ ಕೊಡುವಾಗ ಪ್ರೋಗ್ರಾಮಿಗಿಂತ ಅವರ ಟಿಪ್ಪಣಿಯನ್ನು ನೋಡಿ.