ಪೆನ್‌ಡ್ರೈವ್‌ನಲ್ಲಿ ಲಿನಕ್ಸ್, ಅದರೊಳಗೆ ನಮ್ಮ ಕನ್ನಡ

ಬಸ್ಸಿನ ಗದ್ದಲದಲ್ಲಿ ಕೇಳೋಕೆ ಆಗದವರಿಗಾಗಿ ಈ ವಾರದ ಮಾತು ಬರಹದಲ್ಲಿ.

ಹಲಗೇರಿಯಲ್ಲಿ ನಮ್ಮ ಚಿಗವ್ವನ ಮನೆ ಇದೆ. ಅವಳ ಮಗ ಕನ್ನಡ ಟೈಪಿಂಗ್ ಪರೀಕ್ಷೆಗೆ ತಯಾರಾಗ್ತಿದ್ದಾನೆ. ಫೋನಿನಲ್ಲಿ ಎರಡು ಹೆಬ್ಬೆರಳಲ್ಲಿ ಮಳೆ ಸುರಿದ ಹಾಗೆ ಟೈಪ್ ಮಾಡೋ ಹುಡುಗ, ಆದ್ರೆ ಪರೀಕ್ಷೆಯಲ್ಲಿ ಹತ್ತೂ ಬೆರಳು ಬೇಕು. ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಸತ್ತುಹೋಗಿತ್ತು. "ಬ್ಯಾಡಗಿ ಮಾರ್ಕೆಟ್ಟಿನ ರೊಕ್ಕ ಬರ್ಲಿ, ಆಮ್ಯಾಗ ನೋಡೂಣು" ಅಂದ್ಲು ಚಿಗವ್ವ. ಪರೀಕ್ಷೆ ಅಲ್ಲಿವರೆಗೆ ಕಾಯಲ್ಲವಲ್ಲ!

ಹಾರ್ಡ್‌ಡಿಸ್ಕ್ ಇಲ್ಲದೆಯೂ ಕಂಪ್ಯೂಟರ್ ನಡೆಯುತ್ತೆ. ಅದಕ್ಕೇ ಇರೋದು ಲೈವ್ ಲಿನಕ್ಸ್. ಇಡೀ ವ್ಯವಸ್ಥೆ ಒಂದು ಐಎಸ್‌ಒ ಫೈಲಿನಲ್ಲಿ ಇರುತ್ತದೆ, ಅದನ್ನು ಪೆನ್‌ಡ್ರೈವ್‌ಗೆ ಬರೆದು ಬೂಟ್ ಮಾಡಿದರೆ ಸಾಕು. ಡೆಬಿಯನ್ ಆಧಾರದ ಒಂದು ಹಗುರ ಲೈವ್ ಇಮೇಜ್ ತಗೊಂಡು ಹೋದೆ. ಲ್ಯಾಪ್‌ಟಾಪ್ ಎದ್ದಿತು. ಕನ್ನಡ ಪುಟ ತೆರೆದರೆ ಮಾತ್ರ ಸಾಲುಗಟ್ಟಿ ಚೌಕದ ಡಬ್ಬಿಗಳು. ಫಾಂಟೇ ಇಲ್ಲ. ಸೇರಿಸಬೇಕು.

ನಾನು ಮೊದಲು ಮಾಡಿದ್ದು ದಡ್ಡತನ. ಜಿಪ್ ಫೈಲ್ ಬಿಚ್ಚಿದ ಹಾಗೆ ಐಎಸ್‌ಒ ಬಿಚ್ಚಿದೆ, ಫಾಂಟ್ ಹಾಕಿದೆ, ಮತ್ತೆ ಐಎಸ್‌ಒ ಮಾಡಿದೆ. ಬೂಟ್ ಆಗಲೇ ಇಲ್ಲ. ಯಾಕಂದ್ರೆ ಡಿಸ್ಕಿನಿಂದ ಕಂಪ್ಯೂಟರ್ ಏಳೋದು ಎಲ್ ಟೊರಿಟೊ ಅನ್ನೋ 1995ರ ನಿಯಮದ ಪ್ರಕಾರ. ಬೂಟ್ ಕೋಡ್ ಎಲ್ಲಿದೆ ಅಂತ ಹೇಳುವ ದಾಖಲೆ ಫೈಲುಗಳ ಪಟ್ಟಿಯಲ್ಲಿ ಕಾಣಲ್ಲ, ಇಮೇಜಿನ ಆರಂಭದ ಭಾಗದಲ್ಲಿ ಬೇರೆಯಾಗಿ ಇರುತ್ತೆ. ಪೆನ್‌ಡ್ರೈವ್‌ನಿಂದ ಏಳೋದಕ್ಕೆ ಬೇಕಾದ ಮಾಹಿತಿಯೂ ಅಲ್ಲೇ. ಬಿಚ್ಚಿ ಕಟ್ಟುವಾಗ ಅದೆಲ್ಲ ಉದುರಿಹೋಗಿತ್ತು. (ಎಲ್ ಟೊರಿಟೊ ಅನ್ನೋದು ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನ ಹೆಸರು. ಎಂಜಿನಿಯರುಗಳು ಅಲ್ಲಿ ಊಟಕ್ಕೆ ಕೂತಾಗ ಹೊಳೆದ ಯೋಜನೆಯಂತೆ. ನಮ್ಮಲ್ಲಾಗಿದ್ದರೆ ಯಾವುದೋ ಖಾನಾವಳಿ ಹೆಸರು ಬೀಳ್ತಿತ್ತು.)

ಇದಕ್ಕೆ ಸರಿಯಾದ ಸಾಧನ ಎಕ್ಸ್-ಒ-ಆರ್-ಆರ್-ಐ-ಎಸ್-ಒ, ಟರ್ಮಿನಲ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ. ಹಳೇ ಇಮೇಜ್ ಇದು, ಹೊಸದು ಅದು, ಬೂಟ್ ಮಾಹಿತಿಯನ್ನು ಇದ್ದ ಹಾಗೇ ಮರಳಿ ಬರಿ, ಈ ಫೈಲನ್ನು ಇಂಥ ಜಾಗದಲ್ಲಿ ಸೇರಿಸು: ಇಷ್ಟನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಬೂಟ್ ಉಳಿಸೋ ಆಯ್ಕೆಯ ಹೆಸರು 'ಬೂಟ್ ಇಮೇಜ್ ಎನಿ ರೀಪ್ಲೇ'. ಇದನ್ನು ಮರೆತರೆ ನನ್ನ ಗತಿಯೇ ನಿಮಗೂ.

ಎರಡನೇ ಸಲ ಬೂಟ್ ಆಯ್ತು. ಫಾಂಟ್ ಫೈಲೂ ಡಿಸ್ಕಿನಲ್ಲಿ ಕಾಣಿಸ್ತು. ಆದ್ರೂ ಡಬ್ಬಿಗಳು ಹೋಗಲಿಲ್ಲ! "ಅಣ್ಣಾ, ಹಾಕೀನಿ ಅಂದಿ, ಎಲ್ಲೈತಿ?" ಅಂತ ಹುಡುಗ ನಕ್ಕ.

ವಿಷಯ ಇರೋದು ಇಲ್ಲೇ. ಐಎಸ್‌ಒ ಹೊರಗಿನ ಚೀಲ ಅಷ್ಟೇ. ನಿಜವಾದ ಲಿನಕ್ಸ್ ಅದರೊಳಗೆ 'ಲೈವ್' ಫೋಲ್ಡರಿನಲ್ಲಿ, ಸ್ಕ್ವಾಶ್‌ಎಫ್‌ಎಸ್ ಅನ್ನೋ ಒತ್ತಿ ಕಟ್ಟಿದ ಇನ್ನೊಂದು ಗಂಟಿನಲ್ಲಿ ಇರುತ್ತೆ. ಹೊರಚೀಲದಲ್ಲಿ ಹಾಕಿದ್ದು ಓದೋದಕ್ಕೆ ಸಿಗುತ್ತೆ, ವ್ಯವಸ್ಥೆಯ ಭಾಗ ಆಗಲ್ಲ. ಪಿಡಿಎಫ್, ಪಾಠದ ವಿಡಿಯೊ, ಇಂಟರ್‌ನೆಟ್ ಇಲ್ಲದೆ ಓದುವ ಕನ್ನಡ ವಿಕಿಪೀಡಿಯದ ಫೈಲು, ಇವಕ್ಕೆ ಹೊರಚೀಲವೇ ಸಾಕು. ಫಾಂಟು ಒಳಗೇ ಹೋಗಬೇಕು.

ಒಳಗಿನ ಗಂಟು ಬಿಚ್ಚಿ, ತಿದ್ದಿ, ಮತ್ತೆ ಕಟ್ಟಬಹುದು, ಉಬುಂಟು ಬಳಸೋರಿಗೆ ಕ್ಯೂಬಿಕ್ ಅನ್ನೋ ತಂತ್ರಾಂಶವೂ ಇದೆ. ಆದರೆ ಡೆಬಿಯನ್ ಲೈವ್‌ನಲ್ಲಿ ನನಗೆ ಇಷ್ಟವಾದ ಅಡ್ಡದಾರಿ ಬೇರೆ. 'ಲೈವ್' ಫೋಲ್ಡರಿನಲ್ಲಿ ಎಷ್ಟು ಸ್ಕ್ವಾಶ್‌ಎಫ್‌ಎಸ್ ಗಂಟುಗಳಿದ್ದರೂ ಬೂಟ್ ಆಗುವಾಗ ಒಂದರ ಮೇಲೊಂದು ಹೊದಿಸಿ ಒಂದೇ ವ್ಯವಸ್ಥೆ ಅನ್ನೋ ಹಾಗೆ ತೋರಿಸುತ್ತೆ, ಕೌದಿ ಥರ. ಅಲ್ಲಿ 'ಫೈಲ್‌ಸಿಸ್ಟಮ್ ಡಾಟ್ ಮಾಡ್ಯೂಲ್' ಅನ್ನೋ ಪಟ್ಟಿ ಇದ್ದರೆ ಮಾತ್ರ ನಮ್ಮ ಗಂಟಿನ ಹೆಸರನ್ನೂ ಅದರಲ್ಲಿ ಬರೀಬೇಕು.

ಹಾಗಾಗಿ ಒಂದು ಖಾಲಿ ಫೋಲ್ಡರ್ ಮಾಡಿದೆ. ಅದರೊಳಗೆ ಯುಎಸ್‌ಆರ್, ಶೇರ್, ಫಾಂಟ್ಸ್ ಅಂತ ಲಿನಕ್ಸಿನದೇ ದಾರಿ, ಕೊನೆಗೆ ಗುಬ್ಬಿ ಮತ್ತು ನವಿಲು. ಇವೆರಡೂ ಕನ್ನಡದ ಮುಕ್ತ ಫಾಂಟುಗಳು, ಡೆಬಿಯನ್ ಭಂಡಾರದಲ್ಲೇ ಸಿಗ್ತವೆ. ಜೊತೆಗೆ 'ಇಟಿಸಿ ಸ್ಕೆಲ್' ಅನ್ನೋ ಜಾಗದಲ್ಲಿ ಅಭ್ಯಾಸದ ಪಠ್ಯಗಳು. ಅಲ್ಲಿಟ್ಟದ್ದು ಬೂಟ್ ಆದಾಗ ಬಳಕೆದಾರನ ಹೋಮ್ ಫೋಲ್ಡರಿಗೆ ತಾನಾಗಿ ನಕಲಾಗುತ್ತೆ. ಗಂಟು ಕಟ್ಟುವಾಗ ಎಲ್ಲದರ ಒಡೆತನ ರೂಟ್ ಹೆಸರಿಗೆ ಇರಲಿ, ಇಲ್ಲದಿದ್ದರೆ ಅನುಮತಿಯ ರಗಳೆ. ಎದ್ದ ಮೇಲೂ ಅಕ್ಷರ ಕಾಣದಿದ್ದರೆ ಫಾಂಟ್ ಪಟ್ಟಿಯನ್ನು ಒಮ್ಮೆ ಹೊಸದು ಮಾಡಿಸಿ. ಕೀಲಿಮಣೆಗೆ ಏನೂ ಸೇರಿಸಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನ 'ಕಗಪ' ಕೀಲಿಮಣೆ ಲಿನಕ್ಸಿನ ಪಟ್ಟಿಯಲ್ಲಿ ಮೊದಲೇ ಇದೆ, ಆರಿಸಿಕೊಂಡರಾಯ್ತು.

ಡಬ್ಬಿಗಳು ಹೋದವು. ಮರುದಿನ ಬೆಳಿಗ್ಗೆ ಇನ್ನೊಂದು ದೂರು. ರಾತ್ರಿ ಎರಡು ತಾಸು ಟೈಪ್ ಮಾಡಿದ್ದು ಒಂದೂ ಇಲ್ಲ! ಲೈವ್ ವ್ಯವಸ್ಥೆಯಲ್ಲಿ ಬರೆದದ್ದು ರ‍್ಯಾಮ್‌ನಲ್ಲಿರುತ್ತೆ, ಆಫ್ ಮಾಡಿದರೆ ಹೋಯ್ತು. ಪೆನ್‌ಡ್ರೈವ್‌ನ ಉಳಿದ ಜಾಗದಲ್ಲಿ 'ಪರ್ಸಿಸ್ಟೆನ್ಸ್' ಅನ್ನೋ ಹೆಸರಿನ ವಿಭಾಗ ಮಾಡಿ, ಏನನ್ನು ಉಳಿಸಬೇಕು ಅಂತ ಅದರಲ್ಲೊಂದು ಪುಟ್ಟ ಫೈಲ್ ಇಟ್ಟು, ಬೂಟ್ ಸಾಲಿಗೂ ಅದೇ ಪದ ಸೇರಿಸಿದ ಮೇಲೆ ಅವನ ಬರವಣಿಗೆ ಉಳಿಯತೊಡಗಿತು.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಿದ್ದಾರೆ. ಕೇರಳದ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಉಬುಂಟುವಿನ ಮೇಲೆ ತನ್ನದೇ ಆವೃತ್ತಿ ಕಟ್ಟಿ ಕೊಡುತ್ತೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲೀತಾರೆ.

ಕೆಲಸ ಮುಗೀತು ಅಂದುಕೊಂಡಾಗ ಹುಡುಗ ಕೇಳಿದ: "ಇದನ್ನ ನಮ್ಮ ದೋಸ್ತರಿಗೂ ಕಾಪಿ ಮಾಡಿ ಕೊಡ್ಲೇನಣ್ಣಾ?" ನಾನು ತಡೆದೆ. ನಾನು ಫಾಂಟ್ ಸೇರಿಸಿದಷ್ಟೇ ಸುಲಭವಾಗಿ ಬೇರೆ ಯಾರೋ ಪಾಸ್‌ವರ್ಡ್ ಕದಿಯೋ ಪ್ರೋಗ್ರಾಂ ಸೇರಿಸಬಹುದು. 2016ರ ಫೆಬ್ರವರಿ 20ರಂದು ಆದದ್ದು ಇದೇ ಜಾತಿಯ ಕೆಲಸ. ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು, ಹಿಂಬಾಗಿಲು ಸೇರಿಸಿದ ತಮ್ಮ ಐಎಸ್‌ಒ ಕಡೆ ತಿರುಗಿಸಿದ್ದರು. ಆ ದಿನ ಇಳಿಸಿಕೊಂಡವರಿಗೆ ಮೇಲ್ನೋಟಕ್ಕೆ ವ್ಯತ್ಯಾಸವೇ ಗೊತ್ತಾಗುವಂತಿರಲಿಲ್ಲ.

ಐಎಸ್‌ಒದಲ್ಲಿ ಒಂದು ಅಕ್ಷರ ಬದಲಾದರೂ ಅದರ ಚೆಕ್‌ಸಮ್ ಬದಲಾಗುತ್ತೆ. ಅಂದ್ರೆ ನಾನು ತಿದ್ದಿದ ಇಮೇಜನ್ನು ಮೂಲದ ಚೆಕ್‌ಸಮ್‌ನಿಂದ ಖಚಿತಪಡಿಸಿಕೊಳ್ಳೋದಕ್ಕೆ ಯಾರಿಗೂ ದಾರಿ ಇಲ್ಲ, ನನ್ನನ್ನು ನಂಬಬೇಕಷ್ಟೇ. ಅದಕ್ಕೆ ಹುಡುಗನಿಗೆ ಬೇರೆ ದಾರಿ ಹೇಳಿದೆ: ದೋಸ್ತರು ಮೂಲ ಐಎಸ್‌ಒ ತಾವೇ ಇಳಿಸಿಕೊಳ್ಳಲಿ, ಡೆಬಿಯನ್‌ನವರು ಸಹಿ ಮಾಡಿ ಪ್ರಕಟಿಸುವ ಚೆಕ್‌ಸಮ್ ಜೊತೆ ತಾಳೆ ನೋಡಲಿ. ನೀನು ಕೊಡೋದು ನಮ್ಮ ಪುಟ್ಟ ಗಂಟು ಮಾತ್ರ. ಅದರಲ್ಲಿರೋದು ಎರಡು ಫಾಂಟು, ಒಂದಿಷ್ಟು ಪಠ್ಯ, ಸೇರಿಸುವ ಮುಂಚೆ ಯಾರು ಬೇಕಾದರೂ ಒಳಗಿನ ಪಟ್ಟಿ ಓದಿ ನೋಡಬಹುದು. ಹುಡುಗ ನನ್ನೆದುರಿಗೇ ಆ ಪಟ್ಟಿ ತೆಗೆಸಿ ಒಂದೊಂದೇ ಸಾಲು ಓದಿದ. ಪಠ್ಯವೊಂದರ ಹೆಸರಿನಲ್ಲಿ ನಾನು ಮಾಡಿದ್ದ ಕಾಗುಣಿತದ ತಪ್ಪನ್ನೂ ಹಿಡಿದ.