ಸೆರಗಿನ ಗಂಟಿನಲ್ಲಿ ಹುಣಸೆ ಬೀಜ

ಮಧ್ಯಾಹ್ನ ಒಂದಕ್ಕೆ ಇನ್ನು ಹತ್ತು ನಿಮಿಷ. ಬಿಸಿಯೂಟದ ಕೋಣೆಯಿಂದ ಸಾಂಬಾರಿನ ಒಗ್ಗರಣೆಯ ಘಮ ಬರುತ್ತಿದೆ. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಆಗಲೇ ಕೆಂಪು ಧೂಳಿನ ತೆಳು ಪದರ. ಕಿಟಕಿಯಾಚೆ ಸಂಡೂರಿನ ಬೆಟ್ಟಗಳು ಒಂದರ ಹಿಂದೊಂದು ನಿಂತಿವೆ. ಮಳೆ ಬಿದ್ದು ಹಸಿರಾಗಿದ್ದರೂ ಗಣಿ ಕೊರೆದ ಕಡೆ ಮಾತ್ರ ಹಸಿ ಗಾಯದ ಬಣ್ಣ.

ಚಾಪೆಯ ಮೇಲೆ ಕೂತ ಹುಡುಗನಿಗೆ ಎಂಟು ವರ್ಷ. ಮಾತಿಲ್ಲ. ಮರದ ಗುಂಡುಗಳನ್ನು ದಾರಕ್ಕೆ ಪೋಣಿಸುತ್ತಿದ್ದಾನೆ. ನೀಲಿ, ನೀಲಿ, ಮತ್ತೆ ನೀಲಿ. ಅವನ ಎಡಗೈಯ ಹೆಬ್ಬೆರಳ ಬುಡದಲ್ಲಿ ಚರ್ಮ ಗಟ್ಟಿಯಾಗಿ ಕಪ್ಪಾಗಿದೆ. ಅದು ಅವನು ಕಚ್ಚಿಕೊಳ್ಳುವ ಜಾಗ. ಪಕ್ಕದಲ್ಲಿ ಕಾಲು ಚಾಚಿ ಕೂತಿರುವಾಕೆ ಆಯಾ. ಅವರ ಸೆರಗಿನ ಬಲತುದಿಯಲ್ಲಿ ಒಂದು ಗಂಟು, ಅದರೊಳಗೆ ಒಂದು ಹಿಡಿ ಹುಣಸೆ ಬೀಜ. ಎಡಕ್ಕೆ, ಮಂಡಿಯ ಬಳಿ, ಒಂದು ಖಾಲಿ ಸ್ಟೀಲ್ ಬಟ್ಟಲು.

ಹೊರಗೆ ತಟ್ಟೆಗಳು ಸದ್ದು ಮಾಡತೊಡಗುತ್ತವೆ. ಇನ್ನೂರು ಮಕ್ಕಳ ಕೈಯಲ್ಲಿ ಇನ್ನೂರು ತಟ್ಟೆ. ಹುಡುಗನ ಕೈ ನಿಂತಿತು. ಹೆಗಲು ಕಿವಿಯತ್ತ ಏರಿತು. ಕೈ ಬಾಯಿಗೆ ಹೋಯಿತು. ಆಯಾ ಒಂದು ಕೈಯಲ್ಲಿ ಅವನ ಮುಂಗೈಯನ್ನು ಮೆಲ್ಲಗೆ ಸರಿಸಿದರು. ಇನ್ನೊಂದು ಕೈಯಿಂದ ಒಂದು ಬೀಜ ಬಟ್ಟಲಿಗೆ ಬಿತ್ತು. ಟಣ್. ಪೆನ್ನು ಹುಡುಕಲಿಲ್ಲ, ರಿಜಿಸ್ಟರ್ ತೆರೆಯಲಿಲ್ಲ, ಮಗುವಿನಿಂದ ಕಣ್ಣು ತೆಗೆಯಲಿಲ್ಲ.

ನಾನು ನೋಡಲು ಬಂದಿದ್ದು ಈ ಬೀಜವನ್ನೇ.

ವರ್ತನೆ ತಿದ್ದುವ ಕೆಲಸಕ್ಕೆ ಲೆಕ್ಕವೇ ಬೆನ್ನುಮೂಳೆ. ಮಗು ದಿನಕ್ಕೆ ಎಷ್ಟು ಸಲ ಕಚ್ಚಿಕೊಂಡಿತು, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ನಾವೇನು ಮಾಡಿದೆವು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಉಳಿಯುವುದು ಬರೀ ಅನಿಸಿಕೆ. 1968ರಲ್ಲಿ ಅಮೆರಿಕದ ಬೇರ್, ವುಲ್ಫ್ ಮತ್ತು ರಿಸ್ಲೆ ಈ ಶಾಸ್ತ್ರಕ್ಕೆ ಚೌಕಟ್ಟು ಹಾಕಿಕೊಟ್ಟಾಗಲೇ ಕಣ್ಣಿಗೆ ಕಾಣುವ, ಅಳೆಯಬಹುದಾದ ವರ್ತನೆಯನ್ನೇ ಹಿಡಿಯಬೇಕೆಂದು ಪಟ್ಟು ಹಿಡಿದಿದ್ದರು. ನಮ್ಮಲ್ಲಿ 1992ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆಯಿಂದ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರ ಬೇಸಿಕ್-ಎಂಆರ್ ಮಾಪಕ ಬಂತು. ಅದರ ಮೊದಲ ಭಾಗದಲ್ಲಿ ಮಗು ಕಲಿತ ಕೌಶಲಗಳ 280 ಅಂಶಗಳಿದ್ದರೆ, ಎರಡನೆಯ ಭಾಗದಲ್ಲಿ ತೊಂದರೆ ಕೊಡುವ ವರ್ತನೆಗಳ 75 ಅಂಶಗಳಿವೆ. ಮಾಪಕಗಳಿಗೆ ನಮ್ಮಲ್ಲಿ ಬರವಿಲ್ಲ. ಬರ ಇರುವುದು ದಿನದ ಗದ್ದಲದ ನಡುವೆ ಅವನ್ನು ತುಂಬುವ ಕೈಗಳಿಗೆ.

ನಾನೂ ವಿಶೇಷ ಶಿಕ್ಷಕಿಯಾಗಿದ್ದವಳು. ಮೊದಲ ಎರಡು ವರ್ಷ ವಾರದ ದಾಖಲೆಯನ್ನು ಶನಿವಾರ ರಾತ್ರಿ ಊಟವಾದ ಮೇಲೆ ಕೂತು ಬರೆಯುತ್ತಿದ್ದೆ. ನಾಲ್ಕು, ನಾಲ್ಕು, ಮೂರು, ನಾಲ್ಕು, ಐದು. ಮೇಲಧಿಕಾರಿ ಸಹಿ ಹಾಕುತ್ತಿದ್ದರು. ಆ ಅಂಕಿಗಳನ್ನು ನಂಬಿ ಒಂದು ಮಗುವಿನ ಕಲಿಕೆಯ ಯೋಜನೆಯನ್ನು ಇಡೀ ವರ್ಷ ಬದಲಿಸದೆ ನಡೆಸಿದೆವು. ಆ ಮಗುವಿನ ಒಂದು ವರ್ಷವನ್ನು ಮರಳಿ ಕೊಡಲು ನನ್ನಿಂದ ಆಗುವುದಿಲ್ಲ. ಕಾಡುವ ನೆನಪದು. ಅದಕ್ಕೇ ಈ ಮಾತನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ನಿಜವಾದ ಲೆಕ್ಕ ಹಾಗೆ ನೆಟ್ಟಗೆ ಇರುವುದಿಲ್ಲ. ಈ ಕೋಣೆಯ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಅಂಟಿಸಿದ್ದಾರೆ. ಅದರ ಮೇಲೆ ಕೆಂಪು ಪೆನ್ಸಿಲ್ಲಿನ ಚುಕ್ಕೆಗಳು: ಸೋಮವಾರ 9, ಮಂಗಳವಾರ 14, ಬುಧವಾರ 2, ಗುರುವಾರ 11. ಏರು, ಇಳಿವು, ಮತ್ತೆ ಏರು. ಹೊರಗಿನ ಬೆಟ್ಟಸಾಲಿನ ಹಾಗೆಯೇ ಒಂದು ಗೆರೆ. ಬುಧವಾರ ಎರಡೇ ಏಕೆ ಎಂದು ಕೇಳಿದೆ. ಆಯಾ ಕೂಡಲೇ ಹೇಳಿದರು: "ಅವತ್ತು ಜೋರು ಮಳಿ ಇತ್ರಿ. ಹುಡುಗ್ರು ಕ್ಲಾಸಿನಾಗ ಕುಂತು ಉಂಡ್ರು. ತಟ್ಟಿ ಸಪ್ಪಳ ಇರಲಿಲ್ಲ."

ಆ ಬುಧವಾರವೇ ಗುಟ್ಟು ಬಿಚ್ಚಿಕೊಂಡಿತ್ತು. ಅಲ್ಲಿಯವರೆಗೆ ಎಲ್ಲರೂ ಹಸಿವಿಗೆ ಕಚ್ಚಿಕೊಳ್ಳುತ್ತಾನೆ ಎಂದುಕೊಂಡಿದ್ದರು. ಬೇಗ ಉಣ್ಣಿಸಿ ನೋಡಿದ್ದರು. ಹಲ್ಲುನೋವೋ ಕಿವಿನೋವೋ ಇರಬಹುದೆಂದು ಡಾಕ್ಟರಿಗೂ ತೋರಿಸಿದ್ದರು, ಅದು ಮೊದಲು ಮಾಡಲೇಬೇಕಾದ ಕೆಲಸ. ಸದ್ದು ಕಾರಣವೆಂದು ಹೇಳಿದ್ದು ಮಾತ್ರ ಬೀಜಗಳು. ಕಚ್ಚಿಕೊಂಡಾಗ ಅವನನ್ನು ಎತ್ತಿಕೊಂಡು ಹೊರಗೆ ಗದ್ದಲದಿಂದ ದೂರವಿರುವ ಬೇವಿನ ಮರದ ಕೆಳಗೆ ಕೂರಿಸುವುದು ರೂಢಿಯಾಗಿತ್ತು. ಕಚ್ಚಿದರೆ ಸದ್ದಿನಿಂದ ಬಿಡುಗಡೆ ಎಂದು ಮಗು ಕಲಿತಿತ್ತು. ಈಗ ಅವನ ಕುತ್ತಿಗೆಯಲ್ಲಿ ಒಂದು ಕಾರ್ಡು ತೂಗುತ್ತಿದೆ, ಅದರ ಮೇಲೆ ಬೇವಿನ ಮರದ ಚಿತ್ರ. ಅದನ್ನು ಹಿಡಿದು ತೋರಿಸಿದರೆ ಸಾಕು, ಕಚ್ಚದೆಯೇ ಹೊರಗೆ ಹೋಗಬಹುದು.

ಈ ಲೆಕ್ಕ ಇಲ್ಲಿಗೆ ಬಂದು ಮುಟ್ಟಿದ್ದು ಸುಲಭದಲ್ಲಲ್ಲ. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ವಾರಕ್ಕೊಮ್ಮೆ ಬರುವ ಸಂಪನ್ಮೂಲ ಶಿಕ್ಷಕಿ ಹಳೆಯ ನಮೂನೆಯನ್ನು ಕಪಾಟಿನಿಂದ ತೆಗೆದು ತೋರಿಸಿದರು. ಹದಿನಾಲ್ಕು ಕಾಲಂ, ತಲೆಬರಹವೆಲ್ಲ ಇಂಗ್ಲಿಷಿನಲ್ಲಿ. ಏಳನೆಯ ತರಗತಿ ಓದಿದ ಆಯಾ ಅದನ್ನು ಹೇಗೆ ತುಂಬಬೇಕು? ಹಿಂದೆಲ್ಲ ತುಂಬದಿದ್ದರೆ ನೋಟಿಸು, ತುಂಬಿದರೆ ಮೌನ. ತುಂಬಿದ ಹಾಳೆ ಹೋಬಳಿಗೆ, ಅಲ್ಲಿಂದ ತಾಲ್ಲೂಕಿಗೆ ಹೋಗಿ ಕಟ್ಟಿನೊಳಗೆ ಸೇರುತ್ತಿತ್ತು. ಬರೆದವರ ಕಣ್ಣಿಗೆ ಮತ್ತೆಂದೂ ಬೀಳುತ್ತಿರಲಿಲ್ಲ. ಅಂಗನವಾಡಿಯಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬುತ್ತ ಕೂತವರನ್ನು ಕೇಳಿದರೂ ಇದೇ ನೋವು: ಕೊಡುವುದಷ್ಟೇ, ತಿರುಗಿ ಬರುವುದು ಏನೂ ಇಲ್ಲ. ಇದನ್ನು ಸಿಬ್ಬಂದಿಯ ಸೋಮಾರಿತನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಕೈಯಲ್ಲಿ ಕಚ್ಚುತ್ತಿರುವ ಮಗು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿಯಲು ಯಾರಿಂದಲೂ ಆಗದು.

ಶಿಕ್ಷಕಿ ಮಾಡಿದ್ದು ಇಷ್ಟು. ಇಡೀ ದಿನ ಬೇಡ, ಒಂದು ವರ್ತನೆ ಸಾಕು, 12.45ರಿಂದ 1.30ರವರೆಗೆ ಮಾತ್ರ ಎಂದರು. ಹದಿನಾಲ್ಕು ಕಾಲಂ ಮೂರಾದವು: 'ಮೊದಲು ಏನಾಯ್ತು', 'ಅವನೇನು ಮಾಡಿದ', 'ಆಮೇಲೆ ಏನಾಯ್ತು'. ಬೀಜದ ಉಪಾಯ ಶಿಕ್ಷಕಿಯದಲ್ಲ, ಆಯಾ ಅವರದೇ. ಕಚ್ಚಿದ್ದಕ್ಕೆ ಹುಣಸೆ ಬೀಜ, ಕಾರ್ಡು ತೋರಿಸಿದ್ದಕ್ಕೆ ಅವರೆ ಕಾಳು. ಊಟವಾದ ಮೇಲೆ ಎಣಿಸಿ, ಚುಕ್ಕೆ ಇಟ್ಟು, ಗೆರೆ ಎಳೆಯುವುದು ಆಯಾ ಅವರ ಕೆಲಸ. ವಾರಕ್ಕೊಮ್ಮೆ ಶಿಕ್ಷಕಿ ಬಂದಾಗ ಮೊದಲು ನೋಡುವುದು ಮಗುವನ್ನು, ಎರಡನೆಯದು ಆ ಹಾಳೆಯನ್ನು. ಹಾಳೆಯ ಮುಂದೆ ನಿಂತೇ ಮುಂದಿನ ವಾರ ಏನು ಮಾಡಬೇಕೆಂದು ಇಬ್ಬರೂ ತೀರ್ಮಾನಿಸುತ್ತಾರೆ.

ಒಂದು ಸಣ್ಣ ಸಂಗತಿ ನನ್ನ ಮನಸ್ಸಿಗೆ ತುಂಬ ಹಿಡಿಸಿತು. ಹಾಳೆಯಲ್ಲಿ ಒಂದು ಶುಕ್ರವಾರದ ಮನೆ ಖಾಲಿ ಇತ್ತು, ಅದರ ಮುಂದಿನ ಸೋಮವಾರ ದುಂಡಗೆ ಸೊನ್ನೆ. "ಶುಕ್ರವಾರ ನಾ ರಜಾ ಇದ್ದೆ ರೀ. ನೋಡಲಿಲ್ಲ. ಸೋಮವಾರ ನೋಡೀನಿ, ಕಚ್ಚಲಿಲ್ಲ" ಎಂದರು ಆಯಾ. ಖಾಲಿ ಬೇರೆ, ಸೊನ್ನೆ ಬೇರೆ. ದೊಡ್ಡ ದೊಡ್ಡ ವರದಿಗಳೂ ಈ ವ್ಯತ್ಯಾಸವನ್ನು ನುಂಗಿಹಾಕುವುದನ್ನು ಕಂಡಿದ್ದೇನೆ. ಖಾಲಿ ಬಿಟ್ಟಿದ್ದಕ್ಕೆ ಇಲ್ಲಿ ಯಾರೂ ಗದರಲಿಲ್ಲ. ಗದರಿದ್ದರೆ ಅಲ್ಲೊಂದು ಸುಳ್ಳು ಅಂಕಿ ಬಂದು ಕೂರುತ್ತಿತ್ತು.

ರಸ್ತೆಯಲ್ಲಿ ಅದಿರಿನ ಲಾರಿಯೊಂದು ಟಾರ್ಪಾಲು ಹೊದ್ದು ಹೋಯಿತು. ಈ ತಾಲ್ಲೂಕಿಗೆ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಗೊತ್ತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ್ದನ್ನು ಇಲ್ಲಿಯ ಮನೆಗಳವರೆಲ್ಲ ಕಂಡಿದ್ದಾರೆ. ಅದಿರು ಈಗ ವೇಬ್ರಿಡ್ಜ್ ಏರದೆ ಹೋಗುವಂತಿಲ್ಲ. ಮಾತು ಬಾರದ ಮಗುವಿನ ನೋವೂ ಅಷ್ಟೇ ಜತನದಿಂದ ತೂಗಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಒಂದೂವರೆ ಆಯಿತು. ಹೊರಗಿನ ಗದ್ದಲ ಇಳಿದಿದೆ, ನಲ್ಲಿಯ ಬಳಿ ಕೊನೆಯ ತಟ್ಟೆಗಳು ತೊಳೆಸಿಕೊಳ್ಳುತ್ತಿವೆ. ಹುಡುಗ ಬೇವಿನ ಮರದ ಕೆಳಗೆ ಅನ್ನ ಕಲಸುತ್ತ ಕೂತಿದ್ದಾನೆ, ಕಾರ್ಡಿನ ತುದಿಗೆ ಸಾಂಬಾರು ಹತ್ತಿದೆ. ಇವತ್ತು ಶಿಕ್ಷಕಿಯೂ ಬೇರೆ ಮೂಲೆಯಲ್ಲಿ ಕೂತು ತಮ್ಮಷ್ಟಕ್ಕೆ ಎಣಿಸಿದ್ದರು. ತಿಂಗಳಿಗೊಮ್ಮೆ ಹೀಗೆ ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಎಣಿಸಿ, ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಎಂಬತ್ತು ದಾಟಿದರೆ ಲೆಕ್ಕವನ್ನು ನಂಬಬಹುದು ಎಂಬುದು ಈ ಕೆಲಸದವರ ಪದ್ಧತಿ.

"ನಂದು ಏಳು" ಎಂದರು ಶಿಕ್ಷಕಿ, ಕಾಗದ ತಿರುಗಿಸಿ.

ಆಯಾ ಬಟ್ಟಲನ್ನು ಅಂಗೈಗೆ ಸುರಿದುಕೊಂಡು ಇನ್ನೊಮ್ಮೆ ಎಣಿಸಿದರು. ಶಿಕ್ಷಕಿಯ ಮುಖ ನೋಡಿದರು, ಮತ್ತೆ ಬೀಜಗಳನ್ನು ನೋಡಿದರು.

"ನಂದು ಆರು ರೀ ಮೇಡಂ. ಅಂವ ಒಂದ್ಸಲ ಗೋಡಿ ಕಡಿ ತಿರುಗಿದ್ದ. ನಾ ಕಂಡಿದ್ದು ಆರೇ."

ಎಂಬತ್ತಾರು. ಆಯಾ ಎದ್ದು, ಕೆಂಪು ಪೆನ್ಸಿಲ್ ಕಿವಿಯಿಂದ ತೆಗೆದು, ಗೋಡೆಯ ಹಾಳೆಯ ಮೇಲೆ ಆರರ ಎದುರಿಗೆ ಚುಕ್ಕೆ ಇಟ್ಟರು.